ನಾನಿಲ್ಲದ ಕೋಣೆಯಲ್ಲಿ ನನ್ನ ಸಹಿ

ಸರ್ಕಾರಿ ಡಾಕ್ಟರಾಗಿ ಮೂವತ್ತು ಚಿಲ್ಲರೆ ವರ್ಷ ಕಡೂರು, ತರೀಕೆರೆ, ಅಜ್ಜಂಪುರ ಎಂದು ಈ ಮೂರು ಊರುಗಳ ಸುತ್ತಲೇ ಸುತ್ತಿದವಳು ನಾನು. ಯಾವ ವರ್ಷ ಎಲ್ಲಿಗೆ ವರ್ಗವಾಯಿತು, ಬಡ್ತಿ ಯಾವಾಗ ಬಂತು ಎನ್ನುವುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ. ನಿವೃತ್ತಿಯ ದಿನ ಹಾರ ಹಾಕಿ ಹೊಗಳಿದರು. ಹೊಗಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೂ ಆಗಿತ್ತು. ನೆನೆಸಿಕೊಂಡರೆ ಮುಖ ಮುಚ್ಚಿಕೊಳ್ಳುವ ಹಾಗಾಗುವ ಕೆಲಸವನ್ನು ನಾನು ಮಾಡಿದ್ದು ಆ ಹಾರ ಬಾಡಿದ ಮೇಲೆ. ಈಗ ಫ್ಯಾಮಿಲಿ ಮೆಡಿಸಿನ್ ಓದಲು ಬರುತ್ತಿರುವ ಹುಡುಗ ಹುಡುಗಿಯರು, ಅವರಿಗೆ ಪಾಠ ಹೇಳಿ ಎಂದು ಕರೆ ಬರುತ್ತಿರುವ ನನ್ನ ವಯಸ್ಸಿನವರು, ಇಬ್ಬರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಫ್ಯಾಮಿಲಿ ಮೆಡಿಸಿನ್ ಎಂಬ ಮಾತು ಈ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಕೆಲಸ ಮಾತ್ರ ಅದೇ ಆಗಿತ್ತು. ಚೌಳಹಿರಿಯೂರು ಕಡೆಯ ಆರೋಗ್ಯ ಕೇಂದ್ರದಲ್ಲಿ ಬೆಳಿಗ್ಗೆ ಕೂತರೆ ಮಗುವಿನ ಭೇದಿ, ಅದರ ತಾಯಿಯ ಬಿಳುಚಿದ ಕಣ್ಣು, ತಾತನ ಉಬ್ಬಸ, ಅಪ್ಪನ ಕುಡಿತ, ಹೀಗೆ ಒಂದು ಮನೆಯ ನಾಲ್ಕು ಕಾಯಿಲೆಗಳು ಒಂದೇ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಹೃದಯಕ್ಕೊಬ್ಬರು, ಮೂಳೆಗೊಬ್ಬರು ಎಂದು ಡಾಕ್ಟರುಗಳಿದ್ದದ್ದು ದೊಡ್ಡ ಊರುಗಳಲ್ಲಿ. ಇಲ್ಲಿ ಇಡೀ ಮನೆಗೆ ಒಬ್ಬರೇ. ಆ ಒಬ್ಬರಾಗುವುದು ಹೇಗೆ ಎಂದು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ. ಮೊದಲ ವರ್ಷ ಒಬ್ಬ ಬಾಣಂತಿಗೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ಕೊಟ್ಟೆ. ರಕ್ತ ಏರಲೇ ಇಲ್ಲ. ಮಾತ್ರೆ ಕಳಪೆ ಎಂದು ಮೇಲಿನ ಕಚೇರಿಗೆ ಪತ್ರವನ್ನೂ ಬರೆದೆ. ಆಮೇಲೆ ನರ್ಸಮ್ಮ ನಗುತ್ತಾ ಹೇಳಿದರು, ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ ಎಂದು ಹೆದರಿ ಆಕೆ ಅಷ್ಟನ್ನೂ ಮಲ್ಲಿಗೆ ಗಿಡದ ಬುಡಕ್ಕೆ ಹಾಕುತ್ತಿದ್ದಾಳೆ ಎಂದು. ಹೋಗಿ ನೋಡಿದೆ. ಗಿಡ ಸೊಂಪಾಗಿ ಬಂದಿತ್ತು. ಮಾತ್ರೆ ಕೊಟ್ಟಾಗ ಮಲದ ಬಣ್ಣದ ವಿಷಯ ಮೊದಲೇ ಹೇಳಬೇಕು ಎನ್ನುವುದು ಅವತ್ತಿನಿಂದ ನನಗೆ ಬಂತು.

ನನ್ನನ್ನು ನಿಜವಾಗಿ ಡಾಕ್ಟರು ಮಾಡಿದವರು ತರೀಕೆರೆಯಲ್ಲಿ ನನ್ನ ಮೇಲಿದ್ದ ಹಿರಿಯ ವೈದ್ಯರು. ಊರಿಗೆಲ್ಲ ದೊಡ್ಡ ಡಾಕ್ಟ್ರು. ಈಗ ಅವರಿಲ್ಲ. ಮಹಾ ಕೋಪಿಷ್ಠ. ಔಷಧಿ ದಾಸ್ತಾನಿನವನು ಅವರ ಬೂಟಿನ ಸದ್ದು ಕೇಳಿದರೆ ಹಿಂದಿನ ಬಾಗಿಲಿಂದ ಹೋಗಿಬಿಡುತ್ತಿದ್ದ. ಅವರಿಗೆ ಬೇರೆ ದೊಡ್ಡ ಕೋಣೆ ಇತ್ತು. ಆದರೂ ನಾನು ಬಂದ ಮೊದಲ ಆರು ತಿಂಗಳು ಬೆಳಗಿನ ಹೊತ್ತು ನನ್ನ ಮೇಜಿನ ಪಕ್ಕದಲ್ಲೇ ಒಂದು ಮರದ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಬೆನ್ನು ನೋವಿತ್ತು, ಸ್ಟೂಲಿಗೆ ಒರಗು ಇರಲಿಲ್ಲ. ಏನೂ ಮಾತಾಡುತ್ತಿರಲಿಲ್ಲ. ಪೇಪರ್ ಓದುತ್ತಿದ್ದ ಹಾಗೆ ಕಾಣುತ್ತಿತ್ತು.

ಒಂದು ದಿನ ಜ್ವರ ಎಂದು ಒಬ್ಬ ಬಂದ. ಕೈಯಲ್ಲಿ ಹಳೇ ಚೀಟಿ. ಅದರಲ್ಲಿ ತಿಮ್ಮಪ್ಪ ಎಂದು ಹೆಸರು, ಮೂರ್ಛೆ ರೋಗಕ್ಕೆ ಬರೆದ ಮಾತ್ರೆಗಳ ಪಟ್ಟಿ. ನಾನು ಜ್ವರಕ್ಕೆ ಬರೆದು, ಹಳೇ ಮಾತ್ರೆಗಳನ್ನೂ ಮುಂದುವರಿಸಿ ಎಂದು ಬರೆದು ಚೀಟಿ ಕೊಟ್ಟೆ. ಅವನು ಏಳುವಷ್ಟರಲ್ಲಿ ಪೇಪರಿನ ಹಿಂದಿನಿಂದ ದನಿ ಬಂತು.

“ನಿನ್ನ ಹೆಸರೇನಪ್ಪಾ?”

“ತಿಮ್ಮಪ್ಪ, ಸಾ.”

“ನಿಮ್ಮಣ್ಣನ ಹೆಸರು?”

ಅವನು ನೆಲ ನೋಡಿದ. “ತಿಮ್ಮಪ್ಪ.”

“ನಿಮ್ಮಪ್ಪ ಇಬ್ರಿಗೂ ಒಂದೇ ಹೆಸರು ಇಟ್ಬಿಟ್ನೇನೋ? ಬೇರೆ ಹೆಸರೇ ಸಿಗ್ಲಿಲ್ವಾ?”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಹೊಸ ಚೀಟಿಯ ಸಾಲು ಉದ್ದವಿತ್ತು, ಮನೆಯಲ್ಲಿದ್ದ ಅಣ್ಣನ ಚೀಟಿ ಹಿಡಿದುಕೊಂಡು ನೇರ ಒಳಗೆ ಬಂದಿದ್ದ. ಅಣ್ಣನ ಮೂರ್ಛೆ ಮಾತ್ರೆ ಇವನ ಹೊಟ್ಟೆಗೆ ಹೋಗುತ್ತಿತ್ತು. ನಿಜವಾದ ತಿಮ್ಮಪ್ಪ ದೊಡ್ಡ ಡಾಕ್ಟ್ರಿಗೆ ಗೊತ್ತಿದ್ದವನೇ. ದೊಡ್ಡ ಡಾಕ್ಟ್ರು ಅವನನ್ನು ಬೈಯಲಿಲ್ಲ. ಹೊರಗೆ ಹೋದ ಮೇಲೆ ನನಗೆ ಹೇಳಿದರು, “ನೋಡಮ್ಮಾ, ನಮ್ ಕಡೆ ಚೀಟಿ ಅನ್ನೋದು ಮನೇದು, ಮನುಷ್ಯಂದಲ್ಲ. ಒಂದ್ ಚೀಟೀಲಿ ಇಡೀ ಮನೆ ಔಷಧಿ ತಗಳತ್ತೆ. ಚೀಟಿ ನೋಡೋಕ್ ಮುಂಚೆ ಹೆಸರು ಕೇಳು. ಬೈತಾರೆ ಅಂತ ಸುಳ್ಳು ಹೇಳ್ತಾರೆ. ನೀನು ಬೈಯೋಳಲ್ಲ ಅಂತ ಮೊದ್ಲು ಅವರಿಗೆ ಗೊತ್ತಾಗ್ಲಿ.” ಮತ್ತೆ ಪೇಪರ್ ಎತ್ತಿಕೊಂಡರು.

ಅವರು ಅಲ್ಲಿ ಕೂತಿದ್ದರಿಂದ ನಾನು ಉಳಿದೆ, ಆ ಮನುಷ್ಯನೂ ಉಳಿದ. ಅವರಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಕಲಿಸಬೇಕು ಎಂದು ಯಾವ ಆದೇಶವೂ ಇರಲಿಲ್ಲ.

ವರ್ಷ ಕಳೆದ ಹಾಗೆ ಚೀಟಿ ಹೋಗಿ ಕಂಪ್ಯೂಟರ್ ಬಂತು. ಕೌಂಟರಿನಲ್ಲಿ ಮೊಬೈಲ್ ನಂಬರ್ ಹೇಳಿದರೆ ಪರದೆಯ ಮೇಲೆ ಹೆಸರು, ವಯಸ್ಸು, ಹಿಂದಿನ ಕಾಯಿಲೆ ಎಲ್ಲ ಬರುತ್ತದೆ. ಇನ್ನು ಚೀಟಿಯ ಗೋಳು ಮುಗಿಯಿತು ಎಂದು ನಾವೆಲ್ಲ ಸಂತೋಷಪಟ್ಟೆವು. ಆದರೆ ಎಷ್ಟೋ ಮನೆಗಳಲ್ಲಿ ಹೆಂಗಸರಿಗೆಲ್ಲ ಸೇರಿ ನಂಬರ್ ಒಂದೇ. ಆ ನಂಬರಿನಲ್ಲಿ ಮೊದಲು ಯಾರು ಹೆಸರು ಬರೆಸಿದ್ದರೋ ಅವರ ಹೆಸರು ಮೇಲೆ ಬರುತ್ತದೆ. ಅವಸರದಲ್ಲಿ ಕೌಂಟರಿನವರು ಅದನ್ನೇ ಒತ್ತುತ್ತಾರೆ. ಕಡೂರಿನ ನನ್ನ ಕೊನೆಯ ವರ್ಷಗಳಲ್ಲಿ ಇಂಥವು ಆಗಾಗ ಸಿಗುತ್ತಿದ್ದವು. ಹಳೇ ಅಭ್ಯಾಸದಿಂದ ಹೆಸರು ಕೇಳುತ್ತಿದ್ದೆ, ಹಿಡಿಯುತ್ತಿದ್ದೆ, ಸರಿ ಮಾಡುತ್ತಿದ್ದೆ. ಹಿಡಿದದ್ದನ್ನು ಎಲ್ಲೂ ಬರೆದಿಡಲಿಲ್ಲ. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಂಡು ತೋರಿಸಲೂ ಇಲ್ಲ.

ನಾನು ಕೆಲಸದಲ್ಲಿದ್ದಾಗಲೇ ಹಟಕ್ಕೆ ಬಿದ್ದು ಫ್ಯಾಮಿಲಿ ಮೆಡಿಸಿನ್ ಓದಿ ಪರೀಕ್ಷೆ ಪಾಸು ಮಾಡಿದ್ದೆ. ಆಗ ಜೊತೆಯವರು, “ಈ ವಯಸ್ಸಲ್ಲಿ ಫ್ಯಾಮಿಲಿ ಪ್ಲಾನಿಂಗ್ ಯಾಕ್ ಮೇಡಂ?” ಎಂದು ತಮಾಷೆ ಮಾಡಿದ್ದರು. ಆ ಪ್ರಮಾಣಪತ್ರ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ನಿವೃತ್ತಿಯಾಗುವ ಹೊತ್ತಿಗೆ ಕಾಲ ಬದಲಾಗಿತ್ತು. ಮನೆಮಂದಿಯನ್ನೆಲ್ಲ ನೋಡುವ ಡಾಕ್ಟರು ಬೇಕು ಎಂದು ಮೇಲಿನವರಿಗೆ ಅನಿಸಿ, ಅಲ್ಲಲ್ಲಿ ಆಸ್ಪತ್ರೆಗಳಿಗೆ ಈ ವಿಷಯದ ಸೀಟು ಕೊಡತೊಡಗಿದ್ದರು. ಓದುವವರು ಸಿಕ್ಕರು, ಓದಿಸುವವರು ಸಿಗಲಿಲ್ಲ. ಕಲಿಸುವವರು ಅದೇ ವಿಷಯ ಓದಿರಬೇಕು, ಇಷ್ಟು ವರ್ಷ ಅನುಭವ ಇರಬೇಕು ಎಂದು ನಿಯಮ. ಅಂಥವರನ್ನು ಎಲ್ಲಿಂದ ತರುವುದು? ನನ್ನ ಮನೆಗೆ ಒಂದೇ ತಿಂಗಳಲ್ಲಿ ಮೂರು ಆಸ್ಪತ್ರೆಯವರು ಬಂದು ಹೋದರು. ಹೆಣ್ಣು ನೋಡಲು ಬಂದವರ ಹಾಗೆ ಸೋಫಾದ ತುದಿಯಲ್ಲಿ ಕೂತು, ಪ್ರಮಾಣಪತ್ರ ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

ಕೊನೆಗೆ ಒಪ್ಪಿದ್ದು ಹೆದ್ದಾರಿಯ ಬದಿಯ ಒಂದು ಖಾಸಗಿ ಆಸ್ಪತ್ರೆಗೆ. ಹೆಸರು ಬೇಡ. ಅದರ ಆಡಳಿತ ನೋಡಿಕೊಳ್ಳುತ್ತಿದ್ದ ರುದ್ರೇಶ್ ಬಹಳ ನಯವಾದ ಮನುಷ್ಯ.

“ನೀವು ದಿನಾ ಬರೋದೇನೂ ಬೇಡ ಮೇಡಂ. ಇನ್ಸ್‌ಪೆಕ್ಷನ್ ದಿನ ಬಂದ್ರೆ ಸಾಕು. ನಿಮ್ಮ ಹೆಸರು ಒಂದಿದ್ರೆ ನಮ್ಮ ಆರು ಸೀಟು ಉಳಿಯುತ್ತೆ.”

“ಮತ್ತೆ ಪಾಠ ಯಾರಪ್ಪಾ ಮಾಡ್ತಾರೆ?”

“ಅವ್ರೂ ಡಾಕ್ಟ್ರುಗಳೇ ಅಲ್ವಾ ಮೇಡಂ? ಕೆಲಸ ಮಾಡ್ತಾ ಮಾಡ್ತಾ ಕಲೀತಾರೆ ಬಿಡಿ. ಎಲ್ಲಾ ಕಡೆ ಹಿಂಗೇ ನಡೀತಿರೋದು.”

ಹೋಗಯ್ಯಾ ಎನ್ನಬೇಕಾಗಿತ್ತು. ಅನ್ನಲಿಲ್ಲ. ಮಂಡಿ ನೋವಿತ್ತು, ಸಾಕಾಗಿತ್ತು ಎಂದೆಲ್ಲ ಆಗ ನನಗೆ ನಾನೇ ಹೇಳಿಕೊಂಡೆ. ಅಸಲು ಕಾರಣ ಬೇರೆ. ಅವರು ತಂದಿದ್ದ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಪ್ರೊಫೆಸರ್ ಎಂದಿತ್ತು. ಮೂವತ್ತು ವರ್ಷ ಸೂಜಿ ಡಾಕ್ಟ್ರಮ್ಮ ಎನಿಸಿಕೊಂಡವಳಿಗೆ ಆ ಪದ ಓದಿ ಒಳಗೊಳಗೇ ಹಿಗ್ಗಾಯಿತು. ಸಹಿ ಹಾಕಿದೆ. ತಿಂಗಳು ತಿಂಗಳು ಬಂದ ಸಂಬಳವನ್ನೂ ತೆಗೆದುಕೊಂಡೆ.

ಇನ್ಸ್‌ಪೆಕ್ಷನ್ ದಿನ ಹೋದೆ. ನನ್ನ ಹಾಗೆಯೇ ಹೆಸರು ಕೊಟ್ಟಿದ್ದ ಬೇರೆ ಬೇರೆ ವಿಭಾಗದ ನಾಲ್ಕೈದು ಜನ ದೂರದೂರದಿಂದ ಬಂದಿದ್ದರು. ಅವರಲ್ಲೊಬ್ಬಳು ನನ್ನ ಜೊತೆ ಓದಿದವಳು. ಉಪ್ಪಿಟ್ಟು ತಿನ್ನುತ್ತಾ ಹಾಸ್ಟೆಲ್ಲಿನ ಕಥೆ ತೆಗೆದು ನಕ್ಕೆವು. ಎಲ್ಲರಿಗೂ ಮಡಿಕೆ ಬಿಡಿಸದ ಹೊಸ ಬಿಳಿ ಕೋಟು ಕೊಟ್ಟರು. ಪರೀಕ್ಷಕರು ಬಂದು ನನ್ನನ್ನು ಕೇಳಿದರು, “ನೀವು ಹೇಗೆ ಪಾಠ ಮಾಡುತ್ತೀರಿ?”

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ. ದೊಡ್ಡ ಡಾಕ್ಟ್ರು ಸ್ಟೂಲಿನ ಮೇಲೆ ಕೂರುತ್ತಿದ್ದದ್ದನ್ನು ಹೇಳಿದೆ. ನಾನೂ ವಿದ್ಯಾರ್ಥಿಗಳ ಪಕ್ಕ ಹಾಗೆಯೇ ಕೂರುತ್ತೇನೆ, ಮಾತಾಡುವುದಿಲ್ಲ, ತಪ್ಪುವಾಗ ಮಾತ್ರ ತಡೆಯುತ್ತೇನೆ ಎಂದೆ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಆ ನೀರು ಸುಳ್ಳಲ್ಲ, ಅವರನ್ನು ನೆನೆದು ಬಂದದ್ದೇ. ಸತ್ತ ಗುರುವನ್ನು ತಂದು ಮುಂದೆ ನಿಲ್ಲಿಸಿ ಸುಳ್ಳನ್ನು ಪಾಸು ಮಾಡಿಸಿಕೊಂಡೆ. ಪರೀಕ್ಷಕರು ತಲೆದೂಗಿ, ಇಂಥವರು ಬೇಕು ಎಂದು ಬರೆದುಕೊಂಡು ಹೋದರು.

ಹಿಂದಿನ ಸಾಲಿನಲ್ಲಿ ನಿಂತು ಅದನ್ನೆಲ್ಲ ಕೇಳಿದವರಲ್ಲಿ ನಯನ ಒಬ್ಬಳು. ಲಿಂಗದಹಳ್ಳಿಯ ಹುಡುಗಿ, ಎಂಬಿಬಿಎಸ್ ಮುಗಿಸಿ ಫ್ಯಾಮಿಲಿ ಮೆಡಿಸಿನ್ ಓದಲು ಆ ವರ್ಷವೇ ಅಲ್ಲಿಗೆ ಸೇರಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದಳು.

“ಮೇಡಂ, ನೀವು ತರೀಕೆರೇಲಿದ್ದಾಗ ನಮ್ಮಜ್ಜೀನ ನೋಡ್ತಿದ್ರಂತೆ. ಪಟ್ಟೀಲಿ ನಿಮ್ಮ ಹೆಸರು ನೋಡೇ ನಾನು ಈ ಆಸ್ಪತ್ರೆ ತಗೊಂಡಿದ್ದು. ಸೋಮವಾರದಿಂದ ನಿಮ್ಮ ಪಕ್ಕ ಕೂತ್ಕೋಬಹುದಾ?”

“ಕೂತ್ಕೋಮ್ಮಾ, ಅದಕ್ಕೇನು” ಎಂದೆ. ಅವಳ ಅಜ್ಜಿ ನನಗೆ ನೆನಪಿರಲಿಲ್ಲ.

ಸೋಮವಾರ ನಾನು ಹೋಗಲಿಲ್ಲ. ಅದರ ಮುಂದಿನ ಸೋಮವಾರವೂ ಹೋಗಲಿಲ್ಲ. ನಯನ ಮೊದಮೊದಲು ಫೋನ್ ಮಾಡುತ್ತಿದ್ದಳು. ಆಮೇಲೆ ಮೊಬೈಲಿನಲ್ಲಿ ಸಂದೇಶ ಕಳಿಸುತ್ತಿದ್ದಳು. ಇಂಥ ಮಗು ಬಂದಿದೆ, ಇಂಥ ಜ್ವರ, ಇದು ಕೊಡಲಾ? ಬರೆದು ಉತ್ತರ ಕೊಡಲು ಬೇಜಾರಾಗಿ ನಾನು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆ. ಸರಿ ಎಂದು ಅರ್ಥ. ಬಹುಪಾಲು ಅವಳು ಕೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಅದರಿಂದ ನನ್ನ ಸೋಮಾರಿತನಕ್ಕೆ ಇನ್ನೂ ಧೈರ್ಯ ಬಂತು.

ಈ ಓದಿನಲ್ಲಿ ಲಾಗ್ ಬುಕ್ ಎಂದು ಇರುತ್ತದೆ. ಇಂಥ ದಿನ ಇಂಥ ರೋಗಿಯನ್ನು ಗುರುವಿನ ಎದುರಿನಲ್ಲಿ ನೋಡಿದೆ ಎಂದು ವಿದ್ಯಾರ್ಥಿ ಬರೆಯಬೇಕು, ಗುರು ಸಹಿ ಹಾಕಬೇಕು. ರುದ್ರೇಶ್ ಆರು ಜನರ ಲಾಗ್ ಬುಕ್ಕುಗಳನ್ನು ಚೀಲದಲ್ಲಿ ತುಂಬಿ ನಮ್ಮ ಮನೆಗೇ ಕಳಿಸುತ್ತಿದ್ದರು. ಊಟದ ಮೇಜಿನ ಮೇಲೆ ಹರವಿಕೊಂಡು, ಪಕ್ಕದಲ್ಲಿ ಟೀ ಇಟ್ಟುಕೊಂಡು, ಇಡೀ ತಿಂಗಳಿನದನ್ನು ಒಂದೇ ಸಲ ಕೂತು ಮುಗಿಸುತ್ತಿದ್ದೆ. ಒಂದೇ ಬಣ್ಣವಾದರೆ ಅನುಮಾನ ಬರುತ್ತದೆ ಎಂದು ಎರಡು ಪೆನ್ನು ಬದಲಾಯಿಸುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ನನಗೇ ಹೊಳೆದ ಬುದ್ಧಿ.

ಹೀಗೆ ಒಂದೂವರೆ ವರ್ಷ ನಡೆಯಿತು. ಆ ಆಸ್ಪತ್ರೆಗೆ ಅಜ್ಜಂಪುರದಲ್ಲಿ ಒಂದು ಸಣ್ಣ ಶಾಖೆ ಇದೆ. ವಾರಕ್ಕೆ ಮೂರು ದಿನ ವಿದ್ಯಾರ್ಥಿಗಳು ಅಲ್ಲಿ ರೋಗಿಗಳನ್ನು ನೋಡಬೇಕು. ಕಾಗದದ ಪ್ರಕಾರ ನಾನು ಅವರ ಪಕ್ಕದಲ್ಲಿರಬೇಕು. ಆ ದಿನ ನಾನು ಅಜ್ಜಂಪುರದಲ್ಲೇ ಇದ್ದೆ. ಶಾಖೆಯಿಂದ ಅರ್ಧ ಮೈಲಿ ದೂರದ ಸಭಾಂಗಣದಲ್ಲಿ ಪರಿಚಯದವರ ಮೊಮ್ಮಗುವಿನ ನಾಮಕರಣ. ಎಲೆ ಮುಂದೆ ಕೂತಿದ್ದೆ, ಅನ್ನಕ್ಕೆ ಸಾರು ಬಿದ್ದಿತ್ತು. ಮೊಬೈಲು ಗುನುಗಿತು. ನಯನಳ ಸಂದೇಶ. ಗಿರಿಜಮ್ಮ, ವಯಸ್ಸು ಐವತ್ತು, ಸಕ್ಕರೆ ಕಾಯಿಲೆ, ಹೋದ ವಾರದ ಪರೀಕ್ಷೆಯಲ್ಲಿ ಬಹಳ ಜಾಸ್ತಿ ಇದೆ, ಈಗ ಸುಸ್ತು ಎನ್ನುತ್ತಿದ್ದಾರೆ, ಇವತ್ತು ಇಲ್ಲಿ ಸಕ್ಕರೆ ಪರೀಕ್ಷೆ ಮಾಡುವ ಸ್ಟ್ರಿಪ್ ಖಾಲಿಯಾಗಿದೆ, ಮಾತ್ರೆ ಎರಡರಷ್ಟು ಮಾಡಲಾ ಎಂದು ಕೇಳಿದ್ದಳು.

ಬಲಗೈ ಸಾರಿನಲ್ಲಿತ್ತು. ಎಡಗೈಯಿಂದ ಹೆಬ್ಬೆರಳು ಒತ್ತಿದೆ. ಹೋಳಿಗೆ ಬಡಿಸುವವರು ಬಂದರು.

ಇವತ್ತು ಪರೀಕ್ಷೆ ಮಾಡದೆ ಮಾತ್ರೆ ಮುಟ್ಟಬೇಡ ಎಂಬ ಒಂದು ಸಾಲು ಸಾಕಾಗಿತ್ತು. ಅವರ ಹೆಸರು ಕೇಳಿದೆಯಾ ಎಂಬ ಇನ್ನೊಂದು ಸಾಲು ಸಾಕಾಗಿತ್ತು. ಎಲೆ ಬಿಟ್ಟು ಎದ್ದು ನಡೆದಿದ್ದರೂ ಹತ್ತು ನಿಮಿಷದ ದಾರಿ.

ಆ ರೋಗಿ ಗಿರಿಜಮ್ಮ ಆಗಿರಲಿಲ್ಲ. ಗಿರಿಜಮ್ಮನ ಓರಗಿತ್ತಿ ಕಮಲಮ್ಮ. ಅಜ್ಜಂಪುರದ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಕೌಂಟರಿನಲ್ಲಿ ಮನೆಯ ಮೊಬೈಲ್ ನಂಬರ್ ಹೇಳಿದರು, ಪರದೆಯಲ್ಲಿ ಮೊದಲು ಕಂಡ ಗಿರಿಜಮ್ಮನ ಹೆಸರನ್ನೇ ಕೌಂಟರಿನವರು ಒತ್ತಿದರು. ಗಿರಿಜಮ್ಮ ಎಂದು ಕೂಗಿದಾಗ, ನಮ್ಮ ಮನೆಯದೇ ಹೆಸರು ತಾನೆ ಎಂದು ಕಮಲಮ್ಮ ಎದ್ದು ಒಳಗೆ ಹೋದರು. ಅವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಓರಗಿತ್ತಿಯ ಮಾತ್ರೆಯ ಎರಡರಷ್ಟನ್ನು, ಡಾಕ್ಟರು ಹೇಳಿದ್ದಾರೆಂದು, ಹೊತ್ತಿಗೆ ಸರಿಯಾಗಿ ನುಂಗಿದರು. ಶಾಲೆಗೆ ಬೇಗ ಹೋಗಬೇಕು ಎಂದು ಬೆಳಿಗ್ಗೆ ತಿಂಡಿ ತಿನ್ನುವ ಅಭ್ಯಾಸ ಇರಲಿಲ್ಲ. ಮೂರನೇ ದಿನ ಅನ್ನದ ಡಬರಿ ಇಳಿಸುವಾಗ ಕಣ್ಣು ಕತ್ತಲಾಗಿ, ಅಡುಗೆ ಕೋಣೆಯ ಮೆಟ್ಟಿಲ ಮೇಲೆ ಬಿದ್ದರು. ಆಂಬುಲೆನ್ಸಿನವರು ನೋಡಿದಾಗ ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿತ್ತು. ಅವರ ಸೆರಗಿನ ಗಂಟಿನಲ್ಲಿ ಮಾತ್ರೆಗಳು ಸಿಕ್ಕವು. ಜೀವ ಉಳಿಯಿತು. ಸೊಂಟದ ಮೂಳೆ ಮುರಿದಿತ್ತು.

ವಿಚಾರಣೆಗೆ ಕರೆದರು. ಸೀಟು ಕೊಡುವ ಮೇಲಿನ ಮಂಡಳಿಯಿಂದ ಬಂದಿದ್ದ ಇಬ್ಬರು, ಆಸ್ಪತ್ರೆಯ ಮುಖ್ಯಸ್ಥರು ಒಬ್ಬರು. ಮೇಜಿನ ಮೇಲೆ ನಯನಳ ಲಾಗ್ ಬುಕ್ ತೆರೆದಿತ್ತು. ಆ ದಿನದ ಸಾಲಿನ ಮುಂದೆ ನೀಲಿ ಶಾಯಿಯಲ್ಲಿ ನನ್ನ ಸಹಿ. ಕಮಲಮ್ಮ ಬಿದ್ದ ಸುದ್ದಿ ನನಗೆ ತಿಳಿಯುವ ಮುಂಚೆಯೇ ಆ ತಿಂಗಳ ಚೀಲ ನಮ್ಮ ಮನೆಗೆ ಬಂದು ಹೋಗಿತ್ತು.

ಬಂದವರಲ್ಲಿ ಹಿರಿಯರು ನನ್ನ ಕಡೆ ತಿರುಗಿ, “ಡಾಕ್ಟರ್, ಆ ದಿನ ನೀವು ಅಲ್ಲಿದ್ದಿರಾ?” ಎಂದರು.

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೆ ಈಗಲೂ ಗೊತ್ತಿಲ್ಲ. ನಿಜ ಹೇಳುತ್ತಿದ್ದೆ ಎಂದು ಬರೆದುಕೊಳ್ಳಲು ಆಸೆ. ಆದರೆ ಅಷ್ಟು ನಂಬಿಕೆ ನನ್ನ ಮೇಲೆ ನನಗಿಲ್ಲ. ಅಷ್ಟರಲ್ಲಿ ನಯನ ಮಾತಾಡಿದಳು.

“ಮೇಡಂ ಇದ್ರು ಸಾರ್. ಪಕ್ಕದ ಕೋಣೇಲಿ ಬೇರೆ ಪೇಶೆಂಟ್ ನೋಡ್ತಿದ್ರು. ನಾನೇ ಕೇಳ್ಲಿಲ್ಲ. ತಪ್ಪು ನಂದು.”

ಅವಳ ಮೊಬೈಲು ಅವಳ ಕೈಯಲ್ಲೇ ಇತ್ತು. ಅದರಲ್ಲಿ ಅವಳು ಕೇಳಿದ್ದೂ ಇತ್ತು, ನಾನು ಒತ್ತಿದ್ದ ಹೆಬ್ಬೆರಳೂ ಇತ್ತು. ತೆರೆದು ತೋರಿಸಿದ್ದರೆ ಸಾಕು, ಅವಳ ಮೇಲಿನ ಅರ್ಧ ಭಾರ ಇಳಿಯುತ್ತಿತ್ತು. ತೋರಿಸಲಿಲ್ಲ. ಹಿರಿಯರು ಮತ್ತೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಹೌದು, ಇದ್ದೆ ಎಂದು.

ಇಪ್ಪತ್ತೇಳು ವರ್ಷದ ಹುಡುಗಿಯ ಹೆಗಲ ಮೇಲೆ ನನ್ನ ತಪ್ಪನ್ನು ಇಟ್ಟು ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಅವಳ ಓದನ್ನು ಆರು ತಿಂಗಳು ಮುಂದಕ್ಕೆ ಹಾಕಿದರು. ಅಜಾಗರೂಕತೆ ಎಂದು ಕಡತದಲ್ಲಿ ಬರೆದರು. ಮೇಲ್ವಿಚಾರಣೆ ಇನ್ನೂ ಬಿಗಿಯಾಗಲಿ ಎಂದು ನನಗೆ ಒಂದು ಸಾಲಿನ ಸೂಚನೆ ಕೊಟ್ಟರು.

ಹೊರಗೆ ಬಂದು ಅವಳನ್ನು ಮೆಟ್ಟಿಲ ಹತ್ತಿರ ತಡೆದೆ. ನನ್ನ ಮೇಲಿನ ಗೌರವಕ್ಕೆ, ಅವಳ ಅಜ್ಜಿಯನ್ನು ನೋಡಿದ ಹಳೇ ಋಣಕ್ಕೆ ಹಾಗೆ ಹೇಳಿದಳು ಎಂದುಕೊಂಡಿದ್ದೆ. ಅಂಥ ಹೊತ್ತಿನಲ್ಲೂ ನನ್ನ ತಲೆ ಅಲ್ಲಿಗೇ ಹೋಯಿತು.

“ಯಾಕಮ್ಮಾ ಹಂಗೆ ಹೇಳ್ದೆ?”

“ನೀವು ಇರ್ಲಿಲ್ಲ ಅಂದ್ರೆ ಸೀಟೇ ಕ್ಯಾನ್ಸಲ್ ಮಾಡ್ತಾರೆ ಮೇಡಂ. ನಾವು ಆರು ಜನ ಇದೀವಿ. ಎಲ್ರೂ ಎಲ್ಲಿಗೋಗಣ?” ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. “ನನಗೆ ಆರು ತಿಂಗಳು. ಅವರಿಗೆ ಎರಡು ವರ್ಷ ಹೋಗ್ತಿತ್ತು.”

ನಾನು ಪತ್ರ ಬರೆದು ನಿಜ ಹೇಳುತ್ತೇನೆ ಎಂದೆ. ಅವಳು ಕೈ ಮುಗಿದಳು. “ಬೇಡ ಮೇಡಂ. ನಮ್ಮದೆಲ್ಲ ಮುಗಿಯೋವರ್ಗೂ ಸುಮ್ನಿರಿ. ಏನಾದ್ರೂ ಮಾಡ್ಬೇಕು ಅನ್ಸಿದ್ರೆ ದಿನಾ ಬನ್ನಿ.”

ತಪ್ಪೊಪ್ಪಿಕೊಂಡು ಹಗುರಾಗುವ ದಾರಿಯೂ ನನಗೆ ಉಳಿದಿರಲಿಲ್ಲ. ಸೋಮವಾರ ಅಜ್ಜಂಪುರದ ಶಾಖೆಗೆ ಹೋದೆ. ಒಂಬತ್ತಕ್ಕೆ ಐದು ನಿಮಿಷ ಇತ್ತು. ಸಹಿ ಹಾಕಲು ಹಾಜರಿ ಪುಸ್ತಕ ಕೇಳಿದೆ. ಅಲ್ಲಿನ ಗುಮಾಸ್ತೆ ತಬ್ಬಿಬ್ಬಾಗಿ ಪುಸ್ತಕ ಕೊಟ್ಟಳು. ಅವತ್ತಿನ ತಾರೀಕಿನ ಚೌಕದಲ್ಲಿ ನನ್ನ ಸಹಿ ಆಗಲೇ ಇತ್ತು. ಆ ತಿಂಗಳ ಕೊನೆಯ ದಿನದವರೆಗೂ ಇತ್ತು. ಯಾರು ಹಾಕಿದ್ದರೋ, ನನ್ನದಕ್ಕಿಂತ ದುಂಡಗೆ ಚೆನ್ನಾಗಿಯೇ ಇತ್ತು. “ನಿಮಗ್ಯಾಕೆ ತೊಂದ್ರೆ ಅಂತ ಮೇಡಂ” ಎಂದಳು. ಪುಸ್ತಕ ವಾಪಸು ಕೊಟ್ಟು, ಒಳಗೆ ಹೋಗಿ ನಯನಳ ಪಕ್ಕ ಕೂತೆ.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಕೂತ ಮೇಲೆಯೇ ಗೊತ್ತಾಯಿತು, ಆ ಮಕ್ಕಳಿಗೆ ಎಷ್ಟು ಗೊತ್ತಿರಲಿಲ್ಲ ಎಂದು. ಔಷಧಿ ಎಲ್ಲ ಗೊತ್ತಿತ್ತು, ನನಗಿಂತ ಚೆನ್ನಾಗಿಯೇ ಗೊತ್ತಿತ್ತು. ಸೊಸೆ ಅತ್ತೆಯ ಎದುರು ಹೊಟ್ಟೆನೋವು ಎಂದರೆ ಅತ್ತೆಯನ್ನು ಹೊರಗೆ ಕಳಿಸಿ ಇನ್ನೊಮ್ಮೆ ಕೇಳಬೇಕು ಎಂದು ಗೊತ್ತಿರಲಿಲ್ಲ. ಊಟ ಎಷ್ಟು ಹೊತ್ತಿಗೆ ಮಾಡುತ್ತೀರಿ ಎಂದು ಕೇಳದೆ ಸಕ್ಕರೆ ಮಾತ್ರೆ ಬರೆಯಬಾರದು ಎಂದು ಗೊತ್ತಿರಲಿಲ್ಲ. ಅವು ಪುಸ್ತಕದಲ್ಲಿ ಇರುವುದಿಲ್ಲ. ಇದ್ದರೂ ಪುಸ್ತಕ ಮಧ್ಯೆ ಬಾಯಿ ಹಾಕಿ ತಡೆಯುವುದಿಲ್ಲ. ಅವರು ಅಷ್ಟು ದಿನ ಕುರುಡಾಗಿ ನಡೆದದ್ದು, ಪ್ರತಿ ಹೆಜ್ಜೆಯ ಮುಂದೆ ನಾನು ಸಹಿ ಹಾಕಿದ್ದು, ಕೂತ ಕೂತಲ್ಲೇ ನೆನಪಾಗುತ್ತಿತ್ತು.

ನಯನ ಓದು ಮುಗಿಸಿ ಪದವಿ ತೆಗೆದುಕೊಂಡಳು. ಉಳಿದ ಐವರೂ ಮುಗಿಸಿದರು. ಇದನ್ನು ಈಗ ಬರೆಯಬಹುದಾ ಎಂದು ಅವಳನ್ನು ಕೇಳಿದೆ. “ಬರೀರಿ ಮೇಡಂ, ಹೆಸರು ಬದಲಾಯಿಸಿ” ಎಂದಳು. ಬದಲಾಯಿಸಿದ್ದೇನೆ. ಮಂಡಳಿಗೂ ಪತ್ರ ಹಾಕಿದ್ದೇನೆ. ಉತ್ತರ ಬಂದಿಲ್ಲ. ಅವಳ ಪದವಿಯ ಶಾಯಿ ಆರುವ ಮೊದಲೇ ಮೂರು ಕಡೆಯಿಂದ ಅವಳಿಗೆ ಫೋನ್ ಬಂದಿದೆಯಂತೆ, ಬರುವುದೇನೂ ಬೇಡ, ಅನುಭವದ ಕಾಗದ ನಾವೇ ಮಾಡಿಕೊಳ್ಳುತ್ತೇವೆ, ಹೆಸರು ಕೊಡಿ ಎಂದು. ಕಲಿಸುವವರ ಬರ ಇನ್ನೂ ಹಾಗೇ ಇದೆ. ನಿಮ್ಮ ಮನೆಗೂ ಬರುತ್ತಾರೆ, ಸೋಫಾದ ತುದಿಯಲ್ಲಿ ಕೂರುತ್ತಾರೆ. ಹೋಗಿ ಕೂರಲು ಆಗುವುದಾದರೆ ಒಪ್ಪಿಕೊಳ್ಳಿ. ಆಗದಿದ್ದರೆ ಟೀ ಕೊಟ್ಟು ಕಳಿಸಿಬಿಡಿ.

ಪತ್ರ ಹಾಕಿದ ದಿನವೇ ಕಮಲಮ್ಮನ ಮನೆಗೆ ಹೋದೆ. ಅಷ್ಟು ಕಾಲ ಹೋಗಲು ಧೈರ್ಯ ಬಂದಿರಲಿಲ್ಲ. ಕಮಲಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾಲ್ಕು ಕಾಲಿನ ಊರುಗೋಲು ಪಕ್ಕದಲ್ಲಿತ್ತು. ಬಿಸಿಯೂಟದ ಕೆಲಸ ಬಿಟ್ಟುಹೋಗಿತ್ತು, ನಿಂತು ಅಡುಗೆ ಮಾಡಲು ಆಗುವುದಿಲ್ಲ. ಗಿರಿಜಮ್ಮ ಚಾಪೆ ಹಾಸಿದರು, ನಾನು ಮಾತು ತೆಗೆಯುವ ಮುಂಚೆ ಅವರೇ ತೆಗೆದರು.

“ತಪ್ಪು ನಮ್ದೇ ಕಣ್ರಮ್ಮಾ. ನನ್ ಹೆಸರು ಕೂಗಿದ್ಕೆ ಇವ್ಳು ಎದ್ದೋಗವ್ಳೆ. ಅಲ್ಲ ಅಂತ ಒಂದ್ ಮಾತು ಹೇಳ್ಬಾರ್ದಾ?”

“ಬೈತಾರೆ ಅಂತ ಸುಮ್ಕಾದೆ ಅಕ್ಕಾ” ಎಂದರು ಕಮಲಮ್ಮ. ನನ್ನ ಕಡೆ ನೋಡಿ, “ಆ ಡಾಕ್ಟ್ರು ಹುಡ್ಗಿ ಬೈಯೋಳಲ್ಲ, ಒಳ್ಳೇದು. ಆಸ್ಪತ್ರೇಲಿ ನನ್ ನೋಡೋಕ್ ಬಂದು ಅತ್ತುಬಿಡ್ತು” ಎಂದರು.

ನಾನು ಹೇಳಿದೆ. “ಕಮಲಮ್ಮಾ, ತಪ್ಪು ನಿಮ್ದಲ್ಲ. ಆ ಹುಡುಗೀದೂ ಅಲ್ಲ. ಅವಳಿಗೆ ಹೇಳ್ಕೊಡ್ಬೇಕಾದೋಳು ನಾನು. ಅವತ್ತು ಅವಳ ಪಕ್ಕದಲ್ಲಿ ನಾನು ಇರ್ಬೇಕಾಗಿತ್ತು. ಇರ್ಲಿಲ್ಲ.” ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಅಳಬಾರದು ಎಂದುಕೊಂಡೇ ಹೋಗಿದ್ದೆ.

ಕಮಲಮ್ಮ ಅವರೆಕಾಯಿಯ ಮೊರ ಸರಿಸಿ, ಸೊಂಟ ಹಿಡಿದುಕೊಂಡು ಕಷ್ಟಪಟ್ಟು ನನ್ನ ಹತ್ತಿರ ಜರುಗಿದರು. ನನ್ನ ಕೈ ಹಿಡಿದುಕೊಂಡರು.

“ಅಯ್ಯೋ, ಅಳ್ಬೇಡಿ ಡಾಕ್ಟ್ರಮ್ಮಾ. ನೀವು ಅಲ್ಲಿ ಇರ್ಲೇ ಇಲ್ವಲ್ಲಾ. ನಿಮ್ದೇನು ತಪ್ಪು?”

ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮನೂ ಹೌದು ಹೌದು ಎಂದು ತಲೆಯಾಡಿಸಿದರು.